ಬ್ಲೇಡಿನಷ್ಟು ಜಾಗ

ನಿನ್ನೆ ಸಂಜೆಯಿಂದ ಯಾರೂ ಇದನ್ನು ಒದ್ದಿಲ್ಲ.
ಕೈಯಿಟ್ಟು ನೋಡಿದೆ: ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗೆ.
ಕಿಹ್ನು ದ್ವೀಪದಲ್ಲಿ ಗಂಡಸರಿಗೆ ದೋಣಿ,
ಹೆಂಗಸರಿಗೆ ಈ ಉರಾಲ್, ಅದರ ಸೊಂಟಕ್ಕೊಂದು ಸೈಡ್‌ಕಾರು.
ಅದರಲ್ಲಿ ಕುರಿಮರಿ ಕೂತಿವೆ, ಟಪಾಲು ಕೂತಿದೆ,
ಒಮ್ಮೆ ಪಾದ್ರಿ, ಟೋಪಿ ಎರಡೂ ಕೈಲಿ ಹಿಡಿದುಕೊಂಡು.
ನಾಳೆ ಹತ್ತಕ್ಕೆ ಹೆಲ್ಯು ಮೊಮ್ಮಗಳು ಕೂರಬೇಕು,
ಮದುಮಗಳಾಗಿ.

ಹೆಲ್ಯು ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತಿದ್ದಾಳೆ.
ಎಪ್ಪತ್ತೊಂಬತ್ತು. ಕೈ ನಡುಗುತ್ತದೆ, ಮಾತು ನಡುಗುವುದಿಲ್ಲ.
ಇಷ್ಟು ವರ್ಷ ಪಕ್ಕದಲ್ಲಿ ಟಾರ್ಚು ಹಿಡಿದವಳು ನಾನು.
ಇವತ್ತು ಸ್ಪಾನರು ನನ್ನ ಕೈಗೆ. ಟಾರ್ಚು ಯಾರಿಗೂ ಬೇಡ;
ಜೂನಿನಲ್ಲಿ ಇಲ್ಲಿ ರಾತ್ರಿ ಬರುವುದು ಹೆಸರಿಗೆ ಮಾತ್ರ.

ಕವಚ ಬಿಚ್ಚಿದರೆ ಒಂದು ಬಟ್ಟಲು ಎಣ್ಣೆ
ನನ್ನ ಪಟ್ಟೆಲಂಗದ ಮೇಲೆ.
ಅಮ್ಮ ಹೋದ ವರ್ಷ ನೇಯ್ದದ್ದು ಬರೀ ಕಪ್ಪು, ನೀಲಿ.
ಇದು ಎರಡನೆಯದು. ಕೆಂಪು ಒಂದೊಂದೇ ಎಳೆಯಾಗಿ
ಬಾಗಿಲ ಸಂದಿಯಲ್ಲಿ ಇಣುಕುತ್ತಿದೆ.

ಅಳತೆಗೆ ಹೆಲ್ಯು ಕೊಟ್ಟದ್ದು ಗೇಜ್ ಅಲ್ಲ,
ಸೂಜಿಡಬ್ಬಿಯಿಂದ ಒಂದು ಹಳೇ ಶೇವಿಂಗ್ ಬ್ಲೇಡು,
ಅಂಚು ಕಲ್ಲಿಗೆ ತಿಕ್ಕಿ ಮೊಂಡು ಮಾಡಿದ್ದು.
"ನಮ್ಮ ಮಿಹ್ಕೆಲ್‌ದು. ಮೀನಿಗೆ ಅಂತ ಅಟ್ಲಾಂಟಿಕ್‌ಗೆ ಹೋದವನು
ಗಡ್ಡ ಬಿಟ್ಟುಕೊಂಡು ಬಂದ. ಬ್ಲೇಡು ನನ್ನ ಪಾಲಿಗೆ ಬಂತು."

ರಬ್ಬರು ಬಿರಡೆ ತೆಗೆದು, ಕಿಕ್ಕರನ್ನು ಕೈಯಲ್ಲೇ ಒತ್ತುತ್ತಾ ಹೋದೆ
ಚಕ್ರದ ಗೀರು ಕಿಂಡಿಗೆ ಬಂದು ನಿಲ್ಲುವ ತನಕ.
ಎರಡೂ ಪಿಸ್ಟನ್ ಒಟ್ಟಿಗೇ ಹೊರಕ್ಕೆ ಚಾಚುತ್ತವೆ,
ಯಾರನ್ನೋ ತಬ್ಬಲು ಬಂದ ಎರಡು ತೋಳು.
ಆದರೆ ಒಂದು ಉಸಿರು ಹಿಡಿದಿದೆ, ಒಂದು ಈಗಷ್ಟೇ ಬಿಟ್ಟಿದೆ.
ಹಿಡಿದವರ ಕಡೆಗೆ ಮೊದಲು ಹೋಗು, ಅಂದಳು.

ರಾಕರ್‌ಗೂ ವಾಲ್ವಿನ ನೆತ್ತಿಗೂ ನಡುವೆ ಬ್ಲೇಡು:
ಒದ್ದೆ ಕಾಗದದೊಳಗಿಂದ ಎಳೆದ ಹಾಗೆ ಬರಬೇಕು.
ಬಂತು. ನಾಲ್ಕು ವಾಲ್ವು, ನಾಲ್ಕು ಸಲ.
ನಟ್ಟು ಬಿಗಿದೆ, ಮುಚ್ಚಿದೆ, ಒದ್ದೆ.

ರೇಷ್ಮೆ!
ಒಂದು ಟಕ್ ಇಲ್ಲ, ಒಂದು ಗೊಣಗಿಲ್ಲ.
ಬೇಲಿಯಾಚೆ ವೀವೆ ಕೂಡ ಆಲೂಗಡ್ಡೆ ಸಾಲಿನಿಂದ ತಲೆಯೆತ್ತಿದಳು.
ನಾನು ಹಿಗ್ಗಿ ಹೀರೇಕಾಯಿ.
ಹೆಲ್ಯು ಮಾತ್ರ ಕಿವಿಯ ಹಿಂದೆ ಕೈಯಿಟ್ಟು
ಬಹಳ ಹೊತ್ತು ಕೇಳಿ, "ಆರಿಸು" ಅಂದಳು.
"ಎಡಗಡೆ ಎಕ್ಸಾಸ್ಟು ಮಾತಾಡ್ತಿಲ್ಲ.
ಪೂರಾ ಮುಚ್ಕೊಳ್ಳೋಕೆ ಜಾಗ ಬಿಟ್ಟಿಲ್ಲ ನೀನು ಅದಕ್ಕೆ.
ಗಲಾಟೆ ಮಾಡೋ ವಾಲ್ವು ಬಾಳತ್ತೆ ಕಣೇ.
ಸುಮ್ಮನಿರೋದು ಒಳಗೇ ಸುಟ್ಕೊಳ್ಳತ್ತೆ."

ನಟ್ಟು ಬಿಗಿಯುವಾಗ ತಿರುಪೂ ಜೊತೆಗೆ ಹೊರಳಿತ್ತು.
ಬಿಗಿದ ಮೇಲೆ ಮತ್ತೆ ಅಳೆಯಲಿಲ್ಲ ನಾನು.
ಈಗ ಬಿಸಿ. ಬಿಸಿಯಲ್ಲಿ ಅಳೆದದ್ದು ಸುಳ್ಳು.

ಕಾದೆವು.
ರೈ ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಮೀನು.
ಲೋಹ ಟಿಣ್ ಟಿಣ್ ಎಂದು ಕುಗ್ಗುತ್ತಿತ್ತು, ಆಮೇಲೆ ಅದೂ ನಿಂತಿತು.
ಮೊಮ್ಮಗಳ ಕೆಂಪು ಲಂಗದ ಅಂಚು ಹೊಲಿಯಲು ಹೋಗಿ
ದಾರ ಸೂಜಿಗೆ ಹೋಗದೆ ನನ್ನ ಕಡೆ ಚಾಚಿದಳು.
ದಾರ ಪೋಣಿಸುತ್ತಾ ಅಮ್ಮನ ಬಗ್ಗೆ ಏನೋ ಅಂದೆ,
ಎರಡು ವರ್ಷದಲ್ಲಿ ಯಾರಿಗೂ ಅನ್ನದ್ದು, ಒಳ್ಳೆಯದಲ್ಲದ್ದು.
ಅವಳು ಮೀನಿನ ಮುಳ್ಳು ಬಿಡಿಸುತ್ತಾ ಇದ್ದಳು.
ಇನ್ನೂ ಅಂದೆ.

ಮೂರು ಗಂಟೆಗೆ ಕಡಲಕ್ಕಿಗಳ ಜಗಳ ಶುರು.
ಮತ್ತೆ ಲಂಗದ ಮೇಲೆ ಎಣ್ಣೆ.
ತಿರುಪನ್ನು ಒಂದು ಕೈಲಿ ಅದುಮಿ, ನಟ್ಟು ಇನ್ನೊಂದರಲ್ಲಿ;
ಬ್ಲೇಡು ಹಾಕಿ, ಬಿಗಿದು, ಮತ್ತೆ ಹಾಕಿ,
ನಂಬದೆ ಮತ್ತೊಮ್ಮೆ ಹಾಕಿ, ಒದ್ದೆ.

ಟಕಟಕ ಟಕಟಕ, ಯಾರೋ ಮಗ್ಗಕ್ಕೆ ಕೂತ ಹಾಗೆ.

ತಿರುಗಿ ನೋಡಿದರೆ ಹೆಲ್ಯು ಪೆಟ್ಟಿಗೆಯ ಮೇಲೆಯೇ
ಗೋಡೆಗೊರಗಿ ನಿದ್ದೆ ಹೋಗಿದ್ದಾಳೆ.
ಅಷ್ಟು ಸದ್ದಿಗೂ ಏಳಲಿಲ್ಲ.
ಬ್ಲೇಡು ಒರೆಸಿ ಅವಳ ಸೂಜಿಡಬ್ಬಿಗೆ ಹಾಕಹೋದೆ.
ಆಮೇಲೆ ನನ್ನ ಜೇಬಿಗೇ ಹಾಕಿಕೊಂಡೆ.
ಕೇಳಿದರೆ ಕೊಡುತ್ತೇನೆ.