ಫೋರ್ಕ್‌ಲಿಫ್ಟ್, ಚಿಕ್ಕದು

ಪ್ರತಿ ಬೆಳಗ್ಗೆ ಗುಂಡಿ ಒತ್ತಿದೊಡನೆ
ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಾಳೆ.
ಒಂದೇ ವಾಕ್ಯ. ಅದೇ ಏರು, ಅದೇ ಇಳಿತ, ಕೊನೆಗೊಂದಿಷ್ಟು ವಿನಯ.
ಶುಭೋದಯವಿರಬೇಕು ಅಂದುಕೊಂಡು
ಎರಡು ವರ್ಷ "ನಿನಗೂ ಕಣಮ್ಮ" ಎನ್ನುತ್ತಿದ್ದೆ,
ದಾರಿಯುದ್ದಕ್ಕೂ ಅವಳಿಗೆ ಇದು ಅದು ಹೇಳಿಕೊಳ್ಳುತ್ತಿದ್ದೆ.

ನಗೋಯಾದಲ್ಲಿ ಯಾರೋ ಓಡಿಸಿ ಬಿಟ್ಟ ಗಾಡಿ.
ಹಡಗು ಹತ್ತಿ ಟಾಸ್ಮೇನಿಯಾಕ್ಕೆ ಬಂತು, ಅಗ್ಗಕ್ಕೆ ಸಿಕ್ಕಿತು.
ಪರದೆಯ ನಕ್ಷೆಗೆ ಈ ದ್ವೀಪವೇ ಗೊತ್ತಿಲ್ಲ:
ಹ್ಯೂವನ್ ಕಣಿವೆಯ ಸೇಬಿನ ಸಾಲುಗಳ ನಡುವೆ
ನನ್ನ ಓಡಾಟವೆಲ್ಲ ಅದರ ಲೆಕ್ಕದಲ್ಲಿ ನೀಲಿ ನೀರಿನ ಮೇಲೆ.
ಹಾಗೇ ನೀರ ಮೇಲೆ ಮನೆಯಿಂದ ಮನೆಗೆ ಹೋಗಿ
ಮೊಣಕಾಲು ಮಡಚಿಸುತ್ತೇನೆ,
ಮುರಿದು ಕೂಡಿದ ಸೊಂಟಗಳನ್ನು ಎಬ್ಬಿಸಿ ನಡೆಸುತ್ತೇನೆ.

ಮೇ ತಿಂಗಳ ಒಂದು ಸಂಜೆ, ಗೀವ್‌ಸ್ಟನ್ ಏರಿನಲ್ಲಿ,
ಕಿತ್ತಳೆ ಬಣ್ಣದ ಆಮೆಯೊಂದು ಹೊತ್ತಿಕೊಂಡಿತು.
ಆಮೆ ಅಂದರೆ ಆಮೆಯೇ; ತಲೆ, ಚಿಪ್ಪು, ಬಾಲ.
ದಿಮ್ಮಿ ಹೊತ್ತ ಲಾರಿಗಳು ಹಾರನ್ ಹೊಡೆದು ದಾಟಿದವು.
ಒಂದು ಟ್ರ್ಯಾಕ್ಟರೂ ದಾಟಿತು.
ಅದರ ಮೇಲಿದ್ದ ನಾಯಿ ನನ್ನನ್ನು ತಿರುಗಿ ತಿರುಗಿ ನೋಡಿತು.

ಹೋಬಾರ್ಟಿನ ಶೋರೂಮಿನಲ್ಲಿ ಡೆಕ್ಲನ್ ಎಂಬ ಹುಡುಗ
ಕಾಫಿ ಕೊಟ್ಟ. ಚಾಸಿ ನಂಬರು ಕೇಳಿದ. ಟೈಪು ಮಾಡಿದ. ಮತ್ತೆ ಮಾಡಿದ.
"ಕಂಪ್ಯೂಟರಿಗೆ ಹದಿನೇಳು ಅಕ್ಷರ ಬೇಕು, ನಿಮ್ಮದು ಹತ್ತೂ ಇಲ್ಲ."
ಹೊರಗೆ ಟೋ ಲಾರಿಯ ಬೆನ್ನ ಮೇಲೆ ಗಾಡಿ ನಿಂತೇ ಇದೆ;
ಮೂತಿಯ ಮೇಲಿನ ಲಾಂಛನವೇ ಅವನ ಅಂಗಿಯ ಜೇಬಿನ ಮೇಲೂ.
"ನಾವು ಮಾರಿದ್ದಲ್ಲ ನೋಡಿ," ಎಂದ, ನಿಜವಾಗಿ ನೊಂದು,
"ಇಲ್ಲದ ಗಾಡಿಗೆ ಜಾಬ್ ಕಾರ್ಡು ತೆರೆಯೋದು ಹೇಗೆ?"

ನನ್ನ ಪದವಿಯ ಕಾಗದಗಳನ್ನೂ ಯಾರೋ ಒಮ್ಮೆ
ಬೆಳಕಿಗೆ ಹಿಡಿದು ನೋಡಿದ್ದರು.
ಇರಲಿ. ಇದು ಕಾರಿನ ಮಾತು.

ಲೋರ್ನಾ ಸ್ಕೆಗ್ಸ್, ಸೇಬು ಪ್ಯಾಕ್ ಮಾಡುವ ಶೆಡ್ಡಿನಲ್ಲಿ
ಬ್ಯಾಟರಿ ಫೋರ್ಕ್‌ಲಿಫ್ಟುಗಳ ಡಾಕ್ಟರು, ಮೂವತ್ತು ವರ್ಷದಿಂದ.
ಅವಳ ತಾಯಿಯ ಮಂಡಿ ನನ್ನ ಕೈಲಿತ್ತು; ಆ ದಾಕ್ಷಿಣ್ಯ.
"ಎರಡೂ ಒಂದೇ ಜಾತಿ," ಎಂದಳು, "ಇದಕ್ಕೆ ಸೀಟು ಜಾಸ್ತಿ."
ಉಂಗುರ ಬಿಚ್ಚಿದಳು, ವಾಚು ಬಿಚ್ಚಿದಳು,
ಮೊಣಕೈವರೆಗೆ ರಬ್ಬರು ಗವಸು, ಕರು ಹಾಕಿಸುವವರ ಹಾಗೆ.
ದಪ್ಪ ಪ್ಲಗ್ಗೊಂದನ್ನು ಕಿತ್ತು ತನ್ನ ಜೇಬಿಗೇ ಸೇರಿಸಿದಳು.
"ಈಗ ಹತ್ತು ನಿಮಿಷ ಮುಟ್ಟಬಾರದು. ಒಳಗೆ ಇನ್ನೂ ಇರುತ್ತೆ."

ಹತ್ತು ನಿಮಿಷ ಸುಮ್ಮನೆ ಕೂತೆವು ಮರದ ಪೆಟ್ಟಿಗೆಗಳ ಮೇಲೆ,
ಜಜ್ಜಿದ ಹಣ್ಣಿನ ತಣ್ಣನೆ ವಾಸನೆಯಲ್ಲಿ.

ಆಮೇಲೆ ಒಂದು ಫೋರ್ಕ್‌ಲಿಫ್ಟೇ ಬಂದು
ಕಾರಿನ ಹೊಟ್ಟೆಯಿಂದ ಮುನ್ನೂರು ಕಿಲೋ ಭಾರವನ್ನು
ಮಲಗಿದ ಮಗುವನ್ನೆತ್ತುವ ಹಾಗೆ ಇಳಿಸಿಕೊಂಡಿತು.
ನಲವತ್ತೆಂಟು ತಗಡಿನ ಡಬ್ಬಿ. ನಲವತ್ತೇಳು ಗಟ್ಟಿ.
ಮೂವತ್ತೊಂದನೆಯದು ಸೋತಿತ್ತು;
ಅದೊಂದು ಕೂತರೆ ಉಳಿದವೂ ಕೂರಬೇಕಂತೆ.
ಬರ್ನಿಯ ಹತ್ತಿರ ವಾಲಬಿಗೆ ಗುದ್ದಿ ಗುಜರಿ ಸೇರಿದ್ದ
ಇಂಥದ್ದೇ ಇನ್ನೊಂದರಿಂದ ಡಬ್ಬಿ ತರಿಸಿಟ್ಟಿದ್ದಳು, ಟವೆಲ್ಲಿನಲ್ಲಿ ಸುತ್ತಿ.

ಗುಂಡಿ ಒತ್ತಿದೆ. ಆಮೆ ಇಲ್ಲ. ಹೆಂಗಸು ತನ್ನ ಮಾತು ಹೇಳಿದಳು.
ಹಣ್ಣು ಆರಿಸುತ್ತಿದ್ದ ಚಿನಾತ್ಸು, ಒಸಾಕಾದ ಹುಡುಗಿ,
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು:
"ಹೆದ್ದಾರಿ ಸುಂಕದ ಕಾರ್ಡು ಹಾಕಿಲ್ಲ ಅಂತಿದೆ. ಅಷ್ಟೇ."

ಈ ದ್ವೀಪದಲ್ಲಿ ಸುಂಕದಕಟ್ಟೆಯೇ ಇಲ್ಲ.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರು ಅಂತಾರಲ್ಲ,
ನಾನು ಎರಡು ವರ್ಷ ಮಾಡಿದ್ದು ಅದನ್ನೇ.

ಲೋರ್ನಾಳ ಬಿಲ್ಲು ಪುಸ್ತಕದಲ್ಲಿ ಕಾರಿಗೆ ಕಾಲಂ ಇಲ್ಲ.
ಪೆನ್ನು ಕಚ್ಚಿ ಯೋಚಿಸಿ ಬರೆದಳು: ಫೋರ್ಕ್‌ಲಿಫ್ಟ್, ಚಿಕ್ಕದು.
ಅರ್ಧ ನಗದು. ಉಳಿದರ್ಧಕ್ಕೆ ಅವಳ ಬಲ ಭುಜ,
ಮಂಗಳವಾರ ಸಂಜೆ, ಆರು ವಾರ.

ಅದೇ ಏರು ಹತ್ತಿತು ಗಾಡಿ, ನೀಲಿ ನೀರಿನ ಮೇಲೆ.
ಮರುದಿನ ಬೆಳಗ್ಗೆ ಅವಳು ಕಾರ್ಡು ಕೇಳಿದಳು.
"ಇಲ್ಲ ಕಣಮ್ಮ," ಎಂದೆ. ಆಮೇಲೆ, ಅಭ್ಯಾಸಬಲ,
ರಾತ್ರಿ ನಿದ್ದೆ ಹತ್ತಲಿಲ್ಲ ಅನ್ನುವುದನ್ನೂ ಹೇಳಿದೆ.