ಒಂದಿಂಚು ಒಳಗೆ

'ಕಾಜಾ' ಅನ್ನುವ ಮಾತು ಬಾಯಿಗೆ ಬರಲಿಲ್ಲ.
ಇಪ್ಪತ್ತಾರು ವರ್ಷ ದುರ್ಗಿಗುಡಿಯಲ್ಲಿ ಕೂತು
ಲಕ್ಷ ಹುಕ್ಕಿಗೆ ಲಕ್ಷ ಕಣ್ಣು ಕಟ್ಟಿದವಳು,
ವಾಗ್ದೇವಿ ಟೀಚರ್ ಮುಂದೆ ಬೆರಳು ತೋರಿಸಿ
'ಅದು... ಹುಕ್ಕಿನ ಬಾಗಿಲು' ಅಂದೆ.
ಅವರು ನಕ್ಕರು. ನಾನೂ.
ತಂಗಿ ತಾರಾಬಾಯಿ ಮಾತ್ರ ನಗದೆ
ನನ್ನ ಮೊಣಕೈ ನೋಡುತ್ತಿದ್ದಳು:
ಸೂಜಿ ಚುಚ್ಚಿದಂತೆ, ಎಲ್ಲೆಲ್ಲೂ, ನೇರಳೆ.

ಆಟೋದಲ್ಲಿ ಹೋದದ್ದು ನೆನಪಿಲ್ಲ.
ನೆನಪಿರುವುದು ಒಂದು ಅಂಕಿ: ಎಂಟು ಸಾವಿರ.
ಒಂದೂವರೆ ಲಕ್ಷ ಇರಬೇಕಂತೆ.
ಯಾರ ಸಾಲ ಇದು, ಅಂತ ಕೇಳಿದೆನಂತೆ.

ಡಾಕ್ಟರು ಚಿಕ್ಕ ಹುಡುಗಿ, ಹೆಸರು ಮೇದಿನಿ.
ನನ್ನ ಕಸುಬು ಕೇಳಿಕೊಂಡು ಹೇಳಿದಳು:
'ಅಮ್ಮಾ, ನೆತ್ತರಲ್ಲೊಂದು ನೂಲು ಇರುತ್ತೆ, ಬಲು ಉದ್ದ.
ಅದನ್ನ ತುಂಡು ಮಾಡೋಕೆ ಒಂದು ಕತ್ತರಿ.
ನಿಮ್ಮ ಕಾವಲಿನವರೇ ಆ ಕತ್ತರಿಯನ್ನ
ಕಳ್ಳಮಾಲು ಅಂತ ಹಿಡಿದಿಟ್ಟಿದ್ದಾರೆ.
ನೂಲು ಸಿಕ್ಕಾಗಿ ಮಿದುಳಲ್ಲೆಲ್ಲ ಸಣ್ಣ ಸಣ್ಣ ಗಂಟು.
ಕೆಂಪು ಕಣ ಅದಕ್ಕೆ ತಗುಲಿ ಹರಿದುಹೋಗ್ತಿವೆ.'
ಫೋನಿನಲ್ಲಿ ಚಿತ್ರ ತೋರಿಸಿದಳು.
ಗುರುತು ಹತ್ತಿತು. ಸಂಜೆ ಅಂಗಡಿ ಗುಡಿಸುವಾಗ
ಮಿಷನ್ನಿನ ಕಾಲಡಿ ಸಿಗುವ ಚಿಂದಿ.

ಕತ್ತಿನ ಬಳಿ ನಳಿಕೆ ಇಟ್ಟರು.
ಯಂತ್ರ ತಿರುಗಿ ತಿರುಗಿ ನನ್ನ ನೀರು ಬಸಿದು
ಬೇರೆಯವರ ನೀರು ತುಂಬುತ್ತದೆ, ದಿನಕ್ಕೆ ಹನ್ನೆರಡು ಚೀಲ,
ಮೆಂತ್ಯ ನೆನೆಸಿಟ್ಟ ನೀರಿನ ಬಣ್ಣ.
ತುಟಿ ಜುಮುಗುಟ್ಟುತ್ತದೆ.
ಮೂರನೇ ದಿನ ಚೀಲ ಸಾಲದೆ
ತಾರಾ ಭದ್ರಾವತಿಗೆ ಹೋಗಿ
ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು,
ಬಾಣಂತಿ ಮಗು ತಂದಂತೆ.
ಕಾವಲಿನವರನ್ನು ಮಲಗಿಸಲು ಬೇರೆ ಮದ್ದು.
ಅದಕ್ಕೆ ಎರಡು ಮಿಷನ್ ಹೋದವು.
'ಕತ್ತರಿ ಮಾರಿಲ್ಲ ಕಣೇ' ಅಂದಳು.

ಚೀಲದ ಮೇಲೆ ಗುಂಪು, ತಾರೀಖು, ಒಂದು ಸಂಖ್ಯೆ. ಹೆಸರಿಲ್ಲ.
ಅಳತೆಯಿಲ್ಲದೆ ನಾನು ಯಾರನ್ನೂ ತಿಳಿದವಳಲ್ಲ:
ಎದೆ ಮೂವತ್ತಾರು, ತೋಳು ಹದಿಮೂರು, ಎಡ ಭುಜ ತುಸು ಇಳಿಜಾರು.
ನೂರಾ ಮೂವತ್ತೆರಡು ಜನ ಒಳಗೆ ಬಂದು ಕೂತರು,
ಒಬ್ಬರದೂ ನನ್ನ ಪುಸ್ತಕದಲ್ಲಿಲ್ಲ.

ಹನ್ನೊಂದನೇ ಬೆಳಿಗ್ಗೆ ಇಡ್ಲಿ ತಟ್ಟೆ ಬದಿಗಿಟ್ಟು
ಯಾರೂ ಕೇಳದೆಯೇ ಅಂದೆ: ಕಾಜಾ.
'ಏನಮ್ಮಾ?' ಅಂದಳು ನರ್ಸು.
ಕಾಜಾ, ಕಾಜಾ.

'ಮತ್ತೆ ಬರಬಹುದು' ಅಂದಳು ಮೇದಿನಿ, ಚೀಟಿ ಬರೆಯುತ್ತ,
'ಬರದೆಯೂ ಇರಬಹುದು.'
ಗೊತ್ತು ನನಗೆ. ಬೆಳೆಯುವ ಹುಡುಗಿಯ ರವಿಕೆಗೆ
ಒಂದಿಂಚು ಬಟ್ಟೆ ಒಳಗೆ ಮಡಚಿಯೇ ಹೊಲಿಯುವುದು.
ಹೊರಗೆ ಕಾಣಬಾರದು.

ಟೀಚರ್ ರವಿಕೆಗೆ ಇನ್ನೂ ಎರಡು ಬಾಕಿ.