ಅಕ್ಟೋಬರಿನ ಐದು ಶನಿವಾರ

ಎರಡನ್ನು ಮಳೆ ತಿಂದಿತು, ಅವು ಲೆಕ್ಕಕ್ಕಿಲ್ಲ.
ಉಳಿದವಕ್ಕೆ ಪೀಲ್ ಬಂದರಿನ ಬಸ್‌ಸ್ಟಾಪಿನಲ್ಲಿ
ಬೆಳಿಗ್ಗೆ ಎಂಟಕ್ಕೆ ಸೇರಿದೆವು, ಏಳು ಜನ.
ಹೊಗೆಮನೆಯ ಹೆರಿಂಗ್ ಮೀನಿನ ವಾಸನೆ
ಕೋಟಿನ ತೋಳಿಗೆ ಅಂಟಿಕೊಂಡು
ಫ್ಲಾಸ್ಕಿನ ಚಹಾಕ್ಕೂ ಅದೇ ರುಚಿ.

ಮುಂದಾಳು ಬ್ರೀಶಾ ಕ್ವಿಲ್ಲಿಯಮ್.
ಮೂವತ್ತು ವರ್ಷ ಇದೇ ದ್ವೀಪದ ಸುತ್ತ ಬಸ್ಸು ಓಡಿಸಿದವಳು,
ಈಗ ನಡೆಯುವಾಗಲೂ ತಿರುವಿಗೊಮ್ಮೆ
ಹಿಂದೆ ನೋಡಿ ತಲೆ ಎಣಿಸುತ್ತಾಳೆ.
"ಬೆಳಕೇನು ನಿಮ್ಮಪ್ಪನ ಮನೆ ಗಂಟೇ,
ಕಾಯ್ತಾ ಕೂರೋಕೆ? ನಡೀರಿ."

ನಡೆದೆವು. ಬಲಕ್ಕೆ ಕಡಲು,
ಎಡಕ್ಕೆ ಜರೀಗಿಡ ಒಣಗಿ ತುಕ್ಕು ಹಿಡಿದ ಗುಡ್ಡ.
ಮುಳ್ಳುಪೊದೆಯೊಂದು ಇನ್ನೂ
ಎರಡು ಮೂರು ಹಳದಿ ಹೂ ಇಟ್ಟುಕೊಂಡಿತ್ತು,
ಖರ್ಚಾಗದೆ ಉಳಿದ ಚಿಲ್ಲರೆಯ ಹಾಗೆ.

ಕೊನೆಯಲ್ಲಿ ಬರುವವನು ಇಲಿಯಮ್ ಕಾರ್ಕಿಶ್.
ಕಣ್ಣಿನ ನಡುಭಾಗ ಹೋಗಿದೆ ಅವನಿಗೆ:
ಎದುರಿನವರ ಮುಖ ಇರಬೇಕಾದಲ್ಲಿ ಬೂದಿಯ ಒಂದು ಮುದ್ದೆ,
ಕಿವಿ ಕಾಣುತ್ತದೆ, ಹೆಗಲು ಕಾಣುತ್ತದೆ.
"ನಿನ್ನ ನೋಡಬೇಕಾದರೆ ನಾನು ಬೇರೆ ಕಡೆ ನೋಡಬೇಕು"
ಎಂದ ಮೊದಲ ದಿನವೇ,
ಬೇಲಿಯ ಕಡೆ ತಿರುಗಿ ನನ್ನನ್ನು ನೋಡುತ್ತ.

ನಾನೋ, ಹಡಗಿನ ಟಿಕೆಟ್ ಕಿಟಕಿಯ ಹಿಂದೆ ಕೂತು
ಇಪ್ಪತ್ತು ವರ್ಷ
ಮುಖಗಳನ್ನು ಚೌಕಟ್ಟಿನ ನಟ್ಟನಡುವೆಯೇ ಕಂಡವನು.

ಅವನ ಚಿತ್ರಗಳ ನಡುವೆ ಏನೂ ಇರುವುದಿಲ್ಲ.
ಬರೀ ಬಯಲು. ಬರೀ ನೀರು.
ಮೂಲೆಯಲ್ಲೆಲ್ಲೋ ಗೇಟಿನ ಚಿಲಕ, ಅರ್ಧ ಹಸು,
ಯಾರದೋ ಬೂಟು.
"ಸ್ವಲ್ಪ ಎಡಕ್ಕೆ ಸರಿಸಿದ್ದರೆ..." ಎಂದೆವು ನಯವಾಗಿ.
"ಸರಿಸಿದ್ದರೆ ಹೋಗಿಬಿಡ್ತಿತ್ತು"
ಎಂದ ಅವನೂ ಅಷ್ಟೇ ನಯವಾಗಿ.

ನಿಯಾರ್ಬಿಲ್‌ನ ಹುಲ್ಲುಮಾಡಿನ ಮನೆಗಳ ಹತ್ತಿರ ಮಂಜು ಬಂತು.
ಮನನಾನ್ ಕಂಬಳಿ ಹೊದೆಸಿದ, ಎಂದಳು ಬ್ರೀಶಾ.
ಕಡಲ ದೊರೆ, ದ್ವೀಪದ ಹಳೆಯ ಯಜಮಾನ;
ಹಗೆಗಳ ಹಡಗು ಕಂಡರೆ ನೆಲವನ್ನೇ ಮುಚ್ಚಿಡುತ್ತಿದ್ದನಂತೆ.
ಆ ದಿನ ಹಗೆ ಯಾರೂ ಇರಲಿಲ್ಲ,
ನಾವು ಏಳು ಜನ, ಹದಿಮೂರು ಲೆನ್ಸು.
ಸುಮ್ಮನೆ ಕೂತು ಬ್ರೆಡ್ಡು ತಿಂದೆವು.
ಬ್ಲ್ಯಾಕ್‌ಬೆರಿ ಕೀಳಹೋದ ನನ್ನ ಕೈಗೆ ಬ್ರೀಶಾಳ ಪೆಟ್ಟು:
ಸೆಪ್ಟೆಂಬರ್ ದಾಟಿದ ಮೇಲೆ ಅದು ಸೈತಾನನ ಪಾಲು.
ತಿಂದೆ. ಹುಳಿ.
ಪಾಪ, ಅವನ ಪಾಲಿಗೂ ಒಳ್ಳೆಯದೇನೂ ಉಳಿದಿಲ್ಲ.

ಕೊನೆಯ ಶನಿವಾರ ದಕ್ಷಿಣದ ತುದಿ.
ಕ್ರೆಗ್‌ನೀಶಿನ ಕಿಟಕಿಗಳಲ್ಲಿ
ಹಲ್ಲು ಕಿರಿಯುವ ಟರ್ನಿಪ್ ದೀಪಗಳು;
ಗೋಡೆಯಾಚೆಯಿಂದ ಇಣುಕುವ ನಾಲ್ಕು ಕೊಂಬಿನ ಕಂದು ಕುರಿ,
ಸಾಲದ ಲೆಕ್ಕ ಕೇಳುವವರ ಹಾಗೆ.
ಕೆಳಗೆ ಜಲಸಂಧಿಯ ಬಂಡೆಯ ಮೇಲೆ
ಸೀಲ್ ತಾಯಿ, ಪಕ್ಕದಲ್ಲಿ ಬಿಳಿ ಮರಿ,
ಹುಟ್ಟಿ ಎರಡೋ ಮೂರೋ ದಿನ.

ಹತ್ತಿರ ಹೋಗಬಾರದು.
ಒದ್ದೆ ಹುಲ್ಲಿನಲ್ಲಿ ಬೋರಲು ಮಲಗಿದೆವು,
ಉದ್ದ ಲೆನ್ಸಿನವರು ಮುಂದೆ.
ಮರಿ ಆಕಳಿಸಿತು.
ಆರೂ ಕ್ಯಾಮೆರಾ ಒಟ್ಟಿಗೆ,
ತಗಡಿನ ಮೇಲೆ ಆಲಿಕಲ್ಲು ಸುರಿದಂತೆ.
ಇಲಿಯಮ್ ಪಕ್ಕಕ್ಕೆ ತಿರುಗಿ
ಏನೂ ಇಲ್ಲದ ನೀರಿನ ಕಡೆ ಒಮ್ಮೆ ಒತ್ತಿದ.
ಯಾಕೆ, ಎಂದೆ. ಏನೋ ಅಲ್ಲಾಡಿತು, ಎಂದ.

ಸಂಜೆ ಪೋರ್ಟ್ ಎರಿನ್‌ನಲ್ಲಿ ಬಸ್ಸಿಗೆ ಕಾಯುತ್ತ
ಪುಟ್ಟ ಪರದೆಗಳನ್ನು ಕೈಯಿಂದ ಕೈಗೆ ದಾಟಿಸಿದೆವು:
ಆರು ಮರಿ, ಆರೂ ಒಂದೇ ಮರಿ,
ಮೀಸೆ ಎಣಿಸಬಹುದಾದಷ್ಟು ಸ್ಪಷ್ಟ.
ಅವನದರಲ್ಲಿ ಬೂದುಬಣ್ಣದ ನೀರು, ನೀರು,
ಬಲ ಅಂಚಿನಲ್ಲಿ ಒಂದು ತಲೆ,
ಕಪ್ಪಗೆ, ಒದ್ದೆಯಾಗಿ,
ನಾವು ಹೋಗುವುದನ್ನೇ ಕಾಯುತ್ತ.

ತಾಯಿ ಬಂಡೆಯಿಂದ ಜಾರಿ ಇಳಿದದ್ದು
ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಬ್ರೀಶಾ ಬಹಳ ಹೊತ್ತು ಅದನ್ನೇ ನೋಡಿದಳು.
ಮುಂದಿನ ವರ್ಷ ಇನ್ನೂ ನೂರು ಹೆಜ್ಜೆ ಹಿಂದೆ, ಎಂದಳಷ್ಟೇ.
ಬಸ್ಸು ಬಂತು. ತಲೆ ಎಣಿಸಿದಳು.

ದಾರಿಯುದ್ದಕ್ಕೂ ಇಲಿಯಮ್
ಡ್ರೈವರನ ಬೆನ್ನನ್ನೇ ದಿಟ್ಟಿಸುತ್ತ ಕೂತಿದ್ದ,
ಅಂದರೆ ಕಿಟಕಿಯಾಚೆಯ ಕಡಲನ್ನು ನೋಡುತ್ತಿದ್ದ.